28-3 ಮುಂದಿದ್ದ ತಂಡದ ಡಿಫೆನ್ಸ್ ಯಾಕೆ ಬದಲಾಗಲಿಲ್ಲ? ಹಾಫ್‌ಟೈಮ್‌ನಲ್ಲಿ ಕೋಚ್‌ಗಳು ನಿಜವಾಗಿ ಏನು ಮಾಡುತ್ತಾರೆ?

ಮೂರನೇ_ಡೌನ್

ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿ ಎರಡು ಸೀಸನ್ ಆಯಿತು ಅಷ್ಟೇ. ನಿಯಮ ತಲೆಗೆ ಹತ್ತಿದೆ, ತಂತ್ರ ಇನ್ನೂ ಹತ್ತಿಲ್ಲ. ಮೊನ್ನೆ 2017ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಲೀಗ್‌ನ ಫೈನಲ್, ಪೂರ್ತಿ ನೋಡಿದೆ, ಹ್ಯೂಸ್ಟನ್‌ನಲ್ಲಿ ಪೇಟ್ರಿಯಟ್ಸ್ ಮತ್ತು ಫಾಲ್ಕನ್ಸ್ ಆಡಿದ್ದು. ಯಾರು ಗೆದ್ದರು ಅಂತ ಮೊದಲೇ ಗೊತ್ತಿದ್ದರೂ ಒಬ್ಬನೇ ಕೂತು ಟಿವಿಗೆ ಬೈದೆ.

ಮೊದಲ ಅರ್ಧದಲ್ಲಿ ಫಾಲ್ಕನ್ಸ್ ಡಿಫೆನ್ಸ್ ಬೆಂಕಿ. ಪಾಸ್ ಹಿಡಿಯುವ ರಿಸೀವರ್‌ಗಳಿಗೆ ಉಸಿರಾಡಲು ಜಾಗ ಕೊಡಲಿಲ್ಲ. ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಟಾಮ್ ಬ್ರೇಡಿ ಎಸೆದ ಚೆಂಡನ್ನು ರಾಬರ್ಟ್ ಆಲ್ಫರ್ಡ್ ನಡುವೆಯೇ ಹಿಡಿದು 82 ಗಜ ಓಡಿ ಟಚ್‌ಡೌನ್ ಮಾಡಿದ. ಹಾಫ್‌ಟೈಮ್‌ಗೆ 21-3. ಮೂರನೇ ಕ್ವಾರ್ಟರ್‌ನಲ್ಲಿ 28-3. ಆಮೇಲೆ ಅದೇ ಡಿಫೆನ್ಸ್ ಜರಡಿ ಆಗಿಬಿಟ್ಟಿತು. 28-28, ಓವರ್‌ಟೈಮ್, 34-28, ಪೇಟ್ರಿಯಟ್ಸ್‌ಗೆ ಗೆಲುವು.

ನನ್ನ ತಲೆ ಕೆಡಿಸಿದ್ದು ಪೇಟ್ರಿಯಟ್ಸ್‌ನ ಜೇಮ್ಸ್ ವೈಟ್. ಆತ ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಓಡುವುದು ಮುಖ್ಯ ಕೆಲಸ, ಆದರೆ 14 ಪಾಸ್ ಹಿಡಿದಿದ್ದಾನೆ. ಮಹಾ ದೂರದ ಎಸೆತಗಳೂ ಅಲ್ಲ, ಹೆಚ್ಚಿನವು ಹತ್ತಿರದ ಪುಟ್ಟ ಪಾಸ್‌ಗಳು. ಹತ್ತು ಸಲ ಅವನಿಗೇ ಬಂದರೆ ಹನ್ನೊಂದನೇ ಸಲ ಅವನ ಪಕ್ಕ ಒಬ್ಬನನ್ನು ನಿಲ್ಲಿಸಬಾರದಾ? ಕ್ರಿಕೆಟ್‌ನಲ್ಲಿ ಒಬ್ಬ ಒಂದೇ ಕಡೆ ಹೊಡೆಯುತ್ತಿದ್ದರೆ ಫೀಲ್ಡರ್‌ನ ಅಲ್ಲಿಗೆ ಕಳಿಸುತ್ತಾರೆ, ಅಲ್ವಾ? ಕಾಮೆಂಟೇಟರ್‌ಗಳು ಮಾತೆತ್ತಿದರೆ 'ಹಾಫ್‌ಟೈಮ್ ಅಡ್ಜಸ್ಟ್‌ಮೆಂಟ್' ಅನ್ನುತ್ತಾರೆ. ಆ ಹನ್ನೆರಡು ಹದಿಮೂರು ನಿಮಿಷದಲ್ಲಿ ಏನು ನಡೆಯುತ್ತದೆ? ಅಥವಾ ಫಾಲ್ಕನ್ಸ್ ಕೋಚ್ ಡ್ಯಾನ್ ಕ್ವಿನ್ ಮಲಗಿಬಿಟ್ಟಿದ್ದರಾ?

ನಿಕಲ್_ಬ್ಯಾಕ್

ಕ್ವಿನ್ ಮಲಗಿರಲಿಲ್ಲ. ಅವರ ಡಿಫೆನ್ಸ್ ಮಲಗುವ ಸ್ಥಿತಿಗೆ ಬಂದಿತ್ತು.

ಆ ಪಂದ್ಯದಲ್ಲಿ ಪೇಟ್ರಿಯಟ್ಸ್ 93 ಪ್ಲೇ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಸುತ್ತು) ಆಡಿದರು, ಫಾಲ್ಕನ್ಸ್ 46. ಅಂದರೆ ಒಂದು ಡಿಫೆನ್ಸ್ ಇನ್ನೊಂದಕ್ಕಿಂತ ಎರಡು ಪಟ್ಟು ಕೆಲಸ ಮಾಡಿದೆ. ನೀವು ಹೊಗಳಿದ ಆ 82 ಗಜದ ಓಟ ಇದೆಯಲ್ಲ, ಅದೂ ಒಂದು ಕಾರಣ! ಡಿಫೆನ್ಸ್ ಟಚ್‌ಡೌನ್ ಮಾಡಿದರೆ ಏನಾಗುತ್ತದೆ ಯೋಚಿಸಿ. ಅಂಕ ಬಂತು, ಕಿಕಾಫ್ ಆಯಿತು, ಚೆಂಡು ಮತ್ತೆ ಎದುರಾಳಿಗೇ ಹೋಯಿತು. ಬೆಂಚಿನ ಮೇಲೆ ಕೂತು ನೀರು ಕುಡಿಯಬೇಕಾದವರು ಎರಡೇ ನಿಮಿಷದಲ್ಲಿ ಮತ್ತೆ ಮೈದಾನದಲ್ಲಿ. ಆಗ ಯಾರಿಗೂ ಅದು ನೆನಪಾಗುವುದಿಲ್ಲ, ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಲುಗಳಿಗೆ ನೆನಪಾಗುತ್ತದೆ.

ಮೊದಲ ಅರ್ಧದಲ್ಲಿ ಅವರು ಹೆಚ್ಚಾಗಿ ಆಡಿದ್ದು ಮ್ಯಾನ್ ಕವರೇಜ್, ಒಬ್ಬನಿಗೆ ಒಬ್ಬ. ಅದಕ್ಕೆ ಬೇಕಾಗಿರುವುದು ಕಾಲು. ರಿಸೀವರ್‌ಗೆ ತಾನು ಎಲ್ಲಿ ತಿರುಗುತ್ತೇನೆ ಅಂತ ಗೊತ್ತು, ಕಾಯುವವನಿಗೆ ಗೊತ್ತಿಲ್ಲ, ಹಾಗಾಗಿ ಅವನು ಸದಾ ಅರ್ಧ ಹೆಜ್ಜೆ ಹಿಂದೆ. ದಣಿದರೆ ಒಂದೂವರೆ ಹೆಜ್ಜೆ ಹಿಂದೆ. ಹಾಗಾದರೆ ಜೋನ್‌ಗೆ ಬದಲಾಯಿಸಿ, ಜಾಗ ಕಾಯಿರಿ ಅನ್ನಬಹುದು. ಆದರೆ ಜೋನ್‌ನಲ್ಲಿ ಇಬ್ಬರ ನಡುವಿನ ಸಂದು ಹುಡುಕಿ ಐದೈದು ಗಜ ಕೀಳುವುದು ಬ್ರೇಡಿಗೆ ನೀರು ಕುಡಿದಷ್ಟು ಸುಲಭ. ಅತ್ತ ದರಿ, ಇತ್ತ ಪುಲಿ.

ಇನ್ನು ಫೀಲ್ಡರ್ ಕಳಿಸುವ ಮಾತು. ಇಲ್ಲಿ ಲೆಕ್ಕ ಬೇರೆ. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಬಿಟ್ಟು ಐದು ಜನ ಪಾಸ್ ಹಿಡಿಯಬಹುದು. ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಹಿಂದೆ ಏಳು ಜನ ಉಳಿಯುತ್ತಾರೆ. ಐವರಿಗೆ ಐವರು, ಕೈಯಲ್ಲಿ ಇಬ್ಬರು ಹೆಚ್ಚು. ಆ ಇಬ್ಬರನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಅರ್ಧ ಡಿಫೆನ್ಸ್. ಒಬ್ಬನನ್ನು ತೀರಾ ಹಿಂದೆ ಇಟ್ಟಿರುತ್ತಾರೆ, ದೂರದ ಪಾಸ್ ಬಂದರೆ ಬೇಕಲ್ಲ. ಇನ್ನೊಬ್ಬ ನಡುವೆ. ಅವರಲ್ಲಿ ಒಬ್ಬನನ್ನು ವೈಟ್ ಮೇಲೆ ಹಾಕಿದರೆ ರಿಸೀವರ್‌ಗಳಾದ ಎಡೆಲ್‌ಮನ್‌ನನ್ನೋ ಅಮೆಂಡೋಲಾನನ್ನೋ ಕಾಯಲು ಇದ್ದ ಸಹಾಯ ಹೋಯಿತು. ಹಾಸಿಗೆ ಇದ್ದಷ್ಟೇ ಇರುವುದು, ಕಾಲು ಎಲ್ಲಿ ಚಾಚಲಿ ಅನ್ನುವುದಷ್ಟೇ ಪ್ರಶ್ನೆ. 25 ಅಂಕ ಮುಂದಿರುವವನು 'ಹತ್ತಿರದ್ದು ತಗೊಳ್ಳಲಿ, ಗಡಿಯಾರ ಓಡಲಿ' ಅಂತ ಬಿಡುವುದು ದಡ್ಡತನ ಅಲ್ಲ. ಹಿಡಿದ ತಕ್ಷಣ ಕೆಡವಬೇಕು, ಅಷ್ಟೇ. ದಣಿದವರಿಂದ ಆಗದೇ ಹೋದದ್ದು ಅದು.

ಕಡೆಯದಾಗಿ, ಬೈಯುವುದೇ ಆದರೆ ಆಫೆನ್ಸ್‌ಗೆ ಬೈಯಿರಿ. 28-12 ಇರುವಾಗ ಮೂರನೇ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾಗಿದ್ದು ಒಂದೇ ಗಜ. ಪಾಸ್ ಮಾಡಲು ಹೋದರು. ಪೇಟ್ರಿಯಟ್ಸ್‌ನ ಹೈಟವರ್ ನುಗ್ಗಿ ಫಾಲ್ಕನ್ಸ್ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಕೈಯಿಂದ ಚೆಂಡು ಬೀಳಿಸಿದ. ಆಮೇಲೆ 28-20 ಇರುವಾಗ ಹೂಲಿಯೋ ಜೋನ್ಸ್ ಅದ್ಭುತ ಕ್ಯಾಚ್ ಹಿಡಿದು ಎದುರಾಳಿಯ 22 ಗಜದ ಗೆರೆವರೆಗೆ ತಂದ. ಮೂರು ಸಲ ಸುಮ್ನೆ ಓಡಿ ಫೀಲ್ಡ್ ಗೋಲ್ ಒದ್ದಿದ್ದರೆ 11 ಅಂಕದ ಅಂತರ. ಮತ್ತೆ ಪಾಸ್‌ಗೆ ಹೋಗಿ ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನ ಕೆಡವಿದರು), ಅದರ ಮೇಲೆ ಹೋಲ್ಡಿಂಗ್ ಪೆನಾಲ್ಟಿ, ಪಂಟ್ (ಚೆಂಡು ಒದ್ದು ಎದುರಾಳಿಗೆ ಬಿಟ್ಟುಕೊಟ್ಟರು). ಆವತ್ತು ಫಾಲ್ಕನ್ಸ್ ಡಿಫೆನ್ಸ್‌ಗೆ ಬೇಕಾಗಿದ್ದ ಅಡ್ಜಸ್ಟ್‌ಮೆಂಟ್ ಐದು ನಿಮಿಷದ ವಿಶ್ರಾಂತಿ. ಅದನ್ನು ಕೊಡಬೇಕಾಗಿದ್ದವರು ಅವರದೇ ಆಫೆನ್ಸ್.

ಸುಮ್ನೆ_ಒಬ್ಬ

ಹಾಫ್‌ಟೈಮ್‌ನಲ್ಲಿ ಏನು ನಡೆಯುತ್ತದೆ ಅಂದರೆ: ಎಲ್ಲರೂ ಬಾತ್‌ರೂಮಿಗೆ ಹೋಗುತ್ತಾರೆ, ಎರಡು ತುಂಡು ಕಿತ್ತಳೆ ತಿನ್ನುತ್ತಾರೆ, ನಡೀರಿ ಅನ್ನುತ್ತಾರೆ. ನಾನು ಹೇಳುತ್ತಿರುವುದಲ್ಲ. 18 ಸೀಸನ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಹೇಳಿ ಹಾಫ್‌ಟೈಮ್ ಅಡ್ಜಸ್ಟ್‌ಮೆಂಟ್ ಅನ್ನುವುದೇ ಕಟ್ಟುಕಥೆ ಅಂದಿದ್ದರು.

ಬೂತ್‌ನಿಂದ

ಮೇಲಿನವರು ನಗಿಸಲು ಹೇಳಿದರೂ ವಿಷಯ ನಿಜವೇ. ಬದಲಾವಣೆ ಹಾಫ್‌ಟೈಮ್‌ಗೆ ಕಾಯುವುದಿಲ್ಲ. ಕಾದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಿಜವಾದ ಕೆಲಸ ನಡೆಯುವುದು ಎರಡು ಡ್ರೈವ್‌ಗಳ (ಒಂದು ತಂಡದ ಕೈಯಲ್ಲಿ ಚೆಂಡಿರುವ ಸರದಿಗಳ) ನಡುವೆ, ಬೆಂಚಿನಲ್ಲಿ. ಮೇಲೆ ಗಾಜಿನ ಬೂತ್‌ನಲ್ಲಿ ಒಂದಿಬ್ಬರು ಕೋಚ್‌ಗಳು ಕೂತಿರುತ್ತಾರೆ, ಅವರಿಗೆ ಇಡೀ ಮೈದಾನ ಕಾಣುತ್ತದೆ. ಹೆಡ್‌ಸೆಟ್‌ನಲ್ಲಿ ಕೆಳಗೆ ಹೇಳುತ್ತಾರೆ. ಕೆಳಗಿನವರ ಕೈಯಲ್ಲಿ ಟ್ಯಾಬ್ಲೆಟ್. ಅದರಲ್ಲಿ ವಿಡಿಯೊ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೀವು ನೋಡಿದ ಪಂದ್ಯದ ಕಾಲಕ್ಕೆ ಎನ್‌ಎಫ್‌ಎಲ್‌ನಲ್ಲಿ ಬರುತ್ತಿದ್ದದ್ದು ಫೋಟೋ ಮಾತ್ರ, ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಪ್ಲೇ ಶುರುವಾಗುವ ಕ್ಷಣಕ್ಕೆ) ಮೊದಲು ಮತ್ತು ಸ್ನ್ಯಾಪ್ ಆದ ಮೇಲೆ ಕ್ಲಿಕ್ಕಿಸಿದವು. ಆ ನಾಲ್ಕು ಫೋಟೋ ನೋಡಿ 'ಈ ಫಾರ್ಮೇಶನ್‌ನಲ್ಲಿ ಮೂರು ಸಲವೂ ಒಂದೇ ಮಾರ್ಗ ಓಡಿದ್ದಾರೆ' ಅಂತ ಹಿಡಿಯಬೇಕು.

ಇನ್ನೊಂದು ಸಂಗತಿ. ಡಿಫೆನ್ಸ್‌ನಲ್ಲಿ ಒಬ್ಬನ ಹೆಲ್ಮೆಟ್‌ನಲ್ಲಿ ರೇಡಿಯೊ ಇರುತ್ತದೆ, ಹಿಂಭಾಗದಲ್ಲಿ ಹಸಿರು ಚುಕ್ಕೆ ಕಾಣುತ್ತದಲ್ಲ, ಅವನೇ. ಕ್ವಾರ್ಟರ್‌ಬ್ಯಾಕ್‌ಗೆ ಈ ಸೌಲಭ್ಯ 1994ರಲ್ಲೇ ಬಂತು, ಡಿಫೆನ್ಸ್‌ಗೆ 2008ರವರೆಗೆ ಇರಲಿಲ್ಲ. ಮುಂದಿನ ಸ್ನ್ಯಾಪ್‌ಗೆ ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಕಟ್. ಅಲ್ಲಿಂದ ಆಟಗಾರರದೇ ರಾಜ್ಯ. ಎದುರಾಳಿ ಸಾಲು ಬದಲಾಯಿಸಿದರೆ ಕೋಚ್ ಕೂಗಿಕೊಂಡರೂ ಕೇಳಿಸುವುದಿಲ್ಲ. ಆದ್ದರಿಂದ ಹೆಚ್ಚಿನ ಬದಲಾವಣೆಗಳು ಪಂದ್ಯಕ್ಕೆ ಮುಂಚಿನ ವಾರದಲ್ಲೇ ತೀರ್ಮಾನ ಆಗಿರುತ್ತವೆ: ಅವರು ಹೀಗೆ ನಿಂತರೆ ನಾವು ಹೀಗೆ, ಆಚೆ ಸರಿದರೆ ಹೀಗೆ. ಪಂದ್ಯದ ದಿನ ಆ ಪಟ್ಟಿಯಿಂದ ಆರಿಸುತ್ತಾರೆ, ಹೊಸದಾಗಿ ಕಂಡುಹಿಡಿಯುವುದಿಲ್ಲ.

ಹೊಸದು ಕಂಡುಹಿಡಿದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ. ನಮ್ಮದೊಂದು ಹವ್ಯಾಸಿ ಫ್ಲ್ಯಾಗ್ ಫುಟ್‌ಬಾಲ್ ತಂಡ ಇತ್ತು, ಐದೈದು ಜನರ ಆಟ, ಡಿಫೆನ್ಸ್ ಕರೆಯುವುದು ನನ್ನ ಕೆಲಸ. ಒಂದು ಪಂದ್ಯದ ನಡುವೆ ದೊಡ್ಡ ಜಾಣನ ಹಾಗೆ ಮೂರು ಬದಲಾವಣೆ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಮುಂದಿನ ಪ್ಲೇನಲ್ಲೇ ಇಬ್ಬರು ಹೊಸದನ್ನು ಆಡಿದರು, ಇಬ್ಬರು ಹಳೆಯದನ್ನು, ಇನ್ನೊಬ್ಬ ನನ್ನ ಮುಖ ನೋಡುತ್ತಾ ನಿಂತಿದ್ದ. ಟಚ್‌ಡೌನ್. ಆವತ್ತಿನಿಂದ ಒಂದು ಸಲಕ್ಕೆ ಒಂದೇ ಮಾತು ಹೇಳುವುದು.

ಮೂರನೇ_ಡೌನ್

ನಿಕಲ್ ಅವರೇ, ಆ 93-46 ಲೆಕ್ಕ ನೋಡಿ ಬಾಯಿ ಮುಚ್ಚಿಕೊಂಡೆ. ಆದರೂ ಒಂದು ಅನುಮಾನ ಉಳಿಯಿತು. ಎಲ್ಲವೂ ಮೊದಲೇ ತೀರ್ಮಾನ ಆಗಿರುತ್ತದೆ, ಹಾಫ್‌ಟೈಮ್ ಬರೀ ಕಿತ್ತಳೆ ಅಂದರೆ, ಪಂದ್ಯದ ನಡುವೆ ಡಿಫೆನ್ಸ್ ನಿಜವಾಗಿ ಬದಲಾಗಿ ಗೆದ್ದದ್ದು ಯಾವುದಾದರೂ ಇದೆಯಾ? ಕಣ್ಣಿಗೆ ಕಾಣುವ ಹಾಗೆ?

ಬೂತ್‌ನಿಂದ

ಇದೆ. 2022ರ ಜನವರಿ 30, ಎಎಫ್‌ಸಿ ಚಾಂಪಿಯನ್‌ಶಿಪ್ (ಗೆದ್ದವರು ಸೂಪರ್ ಬೌಲ್‌ಗೆ ಹೋಗುವ ಪಂದ್ಯ), ಬೆಂಗಾಲ್ಸ್ ಮತ್ತು ಚೀಫ್ಸ್. ಇದನ್ನು ಖಂಡಿತ ನೋಡಿ.

ಚೀಫ್ಸ್ 21-3 ಮುಂದೆ. ಪ್ಯಾಟ್ರಿಕ್ ಮಹೋಮ್ಸ್ ಮೊದಲ ಅರ್ಧದಲ್ಲೇ ಮೂರು ಟಚ್‌ಡೌನ್ ಪಾಸ್ ಎಸೆದಿದ್ದ. ಹಾಫ್‌ಟೈಮ್‌ಗೆ 21-10. ದ್ವಿತೀಯಾರ್ಧದಲ್ಲಿ ಬೆಂಗಾಲ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ಲೂ ಅನರೂಮೊ ಪದೇ ಪದೇ ಮೂವರನ್ನಷ್ಟೇ ನುಗ್ಗಿಸಿ ಎಂಟು ಜನರನ್ನು ಹಿಂದೆ ಬಿಟ್ಟರು. ಕೇಳಲು ಹೇಡಿತನದ ಹಾಗಿದೆ. ಅಂಥ ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದಷ್ಟು ಸಮಯ ಕೊಟ್ಟ ಹಾಗಲ್ವಾ? ಕೊಟ್ಟರು. ಮಹೋಮ್ಸ್ ನೋಡುತ್ತಾನೆ, ಯಾರೂ ಖಾಲಿ ಇಲ್ಲ. ಇನ್ನೂ ನೋಡುತ್ತಾನೆ. ತಾಳ್ಮೆ ಕೆಡುತ್ತದೆ, ಹಿಂದಕ್ಕೆ ಓಡುತ್ತಾನೆ, ಮೂವರಲ್ಲಿ ಒಬ್ಬ ಬಂದು ಹಿಡಿಯುತ್ತಾನೆ. ಹತ್ತಿರದ ಒಂದು ಪಾಸ್‌ನ ಬಿ.ಜೆ. ಹಿಲ್ ಅನ್ನುವ ದೊಡ್ಡ ದೇಹದ ಡಿಫೆನ್ಸಿವ್ ಟ್ಯಾಕಲ್ ಹಿಡಿದುಬಿಟ್ಟ, ಅವನ ಕೆಲಸವೇ ಅಲ್ಲ ಅದು! ಹಾಫ್‌ಟೈಮ್ ಆದ ಮೇಲೆ ಓವರ್‌ಟೈಮ್ ಸೇರಿ ಚೀಫ್ಸ್ ಮಾಡಿದ್ದು ಮೂರೇ ಅಂಕ. ಓವರ್‌ಟೈಮ್ ಟಾಸ್ ಕೂಡ ಚೀಫ್ಸ್ ಗೆದ್ದಿತ್ತು, ಆದರೆ ದೂರಕ್ಕೆ ಎಸೆದ ಚೆಂಡು ವಾನ್ ಬೆಲ್ ಕೈಗೆ ಹೋಯಿತು. ಒಂದು ಫೀಲ್ಡ್ ಗೋಲ್, 27-24, ಬೆಂಗಾಲ್ಸ್ ಸೂಪರ್ ಬೌಲ್‌ಗೆ.

ಇದಕ್ಕೂ ಬೆಲೆ ಇತ್ತು. ಮೂವರೇ ಮುಂದಿದ್ದರೆ ಓಡಲು ದಾರಿ ಸಲೀಸು. ಚೀಫ್ಸ್ ಚೆಂಡು ಹಿಡಿದು ಓಡಿದ್ದರೆ ಅನರೂಮೊ ಮತ್ತೆ ಯೋಚಿಸಬೇಕಿತ್ತು. ಮಹೋಮ್ಸ್ ಓಟದ ಪ್ಲೇಗಳಲ್ಲಿ ತಾಳ್ಮೆಯಿಂದ ಇರುವುದಿಲ್ಲ, ದೊಡ್ಡದಕ್ಕೇ ಕೈ ಹಾಕುತ್ತಾನೆ ಅನ್ನುವ ಜೂಜು ಅದು. ಅವನ ಸ್ವಭಾವದ ಮೇಲೆ ಕಟ್ಟಿದ ಬಾಜಿ.

ನಿಕಲ್_ಬ್ಯಾಕ್

ಒಪ್ಪಿದೆ, ಆದರೆ ಅದಕ್ಕೆ ಪೂರ್ತಿ ಅಂಕ ಕೊಡಬೇಡಿ. ಮೊದಲ ಅರ್ಧದ ಕೊನೆಯಲ್ಲಿ ಚೀಫ್ಸ್ 1 ಗಜದ ಗೆರೆಯಲ್ಲಿದ್ದರು, ಐದು ಸೆಕೆಂಡ್ ಬಾಕಿ. ಫೀಲ್ಡ್ ಗೋಲ್ ಬಿಟ್ಟು ಟಚ್‌ಡೌನ್‌ಗೆ ಹೋದರು, ಟೈರೀಕ್ ಹಿಲ್‌ನ ಈಲೈ ಆಪಲ್ ಗೆರೆಗಿಂತ ಮೊದಲೇ ಕೆಡವಿದ, ಸಮಯ ಮುಗಿಯಿತು. ಆ ಮೂರು ಅಂಕ ಇದ್ದಿದ್ದರೆ ಓವರ್‌ಟೈಮೇ ಬರುತ್ತಿತ್ತೋ ಇಲ್ಲವೋ.

ಮತ್ತೆ, ಸ್ವಭಾವದ ಮೇಲೆ ಬಾಜಿ ಅಂದಿರಲ್ಲ, ಅದರ ಅಜ್ಜ 1991ರ ಜನವರಿಯ ಸೂಪರ್ ಬೌಲ್. ಜಯಂಟ್ಸ್ ಡಿಫೆನ್ಸ್ ಆಗ ಬಿಲ್ ಬೆಲಿಚಿಕ್ ಕೈಯಲ್ಲಿತ್ತು. ಎದುರಿಗೆ ಹಡಲ್ (ಪ್ಲೇಗೆ ಮುಂಚೆ ಗುಂಪುಗೂಡಿ ಮಾತಾಡುವುದು) ಇಲ್ಲದೆ ಬಡಬಡ ಆಡುವ ಬಫಲೋ ಬಿಲ್ಸ್. ಬೆಲಿಚಿಕ್ ತಮ್ಮ ಆಟಗಾರರಿಗೆ, ಬಿಲ್ಸ್ ರನ್ನಿಂಗ್ ಬ್ಯಾಕ್ ಥರ್ಮನ್ ಥಾಮಸ್ 100 ಗಜ ಓಡಿದರೆ ನಾವು ಗೆಲ್ಲುತ್ತೇವೆ ಅಂದರಂತೆ. ಓಟ ನಿಲ್ಲಿಸುವುದೇ ಹೆಮ್ಮೆ ಅಂತ ಬೆಳೆದ ಡಿಫೆನ್ಸ್ ಅದು, ಅವರಿಗೆ ಎಷ್ಟು ಉರಿದಿರಬೇಡ. ಲೈನ್‌ಮನ್‌ಗಳನ್ನು ಕಡಿಮೆ ಮಾಡಿ ಹಿಂದೆ ಜನ ಜಾಸ್ತಿ ಹಾಕಿದರು. ಥಾಮಸ್ 135 ಗಜ ಓಡಿದ. ಜಯಂಟ್ಸ್ 20-19ರಿಂದ ಗೆದ್ದರು. ಆ ಗೇಮ್ ಪ್ಲಾನ್ ಈಗ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ನಲ್ಲಿದೆ. ಮೊದಲ ಪ್ರಶ್ನೆಗೂ ಇದೇ ಉತ್ತರ: ವೈಟ್‌ಗೆ ಹತ್ತಿರದ ಪಾಸ್ ಬಿಟ್ಟುಕೊಟ್ಟದ್ದು, ಥಾಮಸ್‌ಗೆ ಓಟ ಬಿಟ್ಟುಕೊಟ್ಟದ್ದು ಒಂದೇ ಜಾತಿಯ ನಿರ್ಧಾರ. ಒಂದು ಗೆದ್ದಿತು, ಒಂದು ಸೋತಿತು. ವ್ಯತ್ಯಾಸ ಏನು ಗೊತ್ತಾ? ಜಯಂಟ್ಸ್ ಆಫೆನ್ಸ್ 40 ನಿಮಿಷಕ್ಕೂ ಜಾಸ್ತಿ ಹೊತ್ತು ಚೆಂಡು ಹಿಡಿದುಕೊಂಡು ಡಿಫೆನ್ಸ್‌ನ ಬೆಂಚಿನಲ್ಲಿ ಕೂರಿಸಿತು.

ಹಳೇ_46

ನೀವೆಲ್ಲ ಕೋಚ್‌ಗಳಿಗೆ ತುಂಬಾ ಒಳ್ಳೆಯ ಮನಸ್ಸಿನಿಂದ ವಾದಿಸುತ್ತಿದ್ದೀರಿ. ಬರೀ ಹಟಕ್ಕೆ ಬದಲಾಯಿಸದ ಉದಾಹರಣೆಯೂ ಇದೆ.

1985ರ ಚಿಕಾಗೊ ಬೇರ್ಸ್. ಅವರ ಡಿಫೆನ್ಸ್ ಕೋಚ್ ಬಡ್ಡಿ ರಯಾನ್ ಅವರ 46 ಡಿಫೆನ್ಸ್. (46 ಅಂದರೆ ಮುಂದೆ ನಾಲ್ಕು, ಹಿಂದೆ ಆರು ಅಂತ ಅಲ್ಲ, ಡಗ್ ಪ್ಲ್ಯಾಂಕ್ ಅನ್ನುವ ಸೇಫ್ಟಿಯ, ಅಂದರೆ ಹಿಂದೆ ನಿಲ್ಲುವ ಡಿಫೆಂಡರ್‌ನ, ಜೆರ್ಸಿ ನಂಬರ್.) ಆ ಸೀಸನ್‌ನಲ್ಲಿ ಅವರು ಸೋತದ್ದು ಒಂದೇ ಒಂದು ಪಂದ್ಯ, ಡಿಸೆಂಬರ್ 2ರಂದು ಮಯಾಮಿಯಲ್ಲಿ, 38-24. ಡಾಲ್ಫಿನ್ಸ್ ಕೋಚ್ ಡಾನ್ ಶೂಲಾ ಮಾಡಿದ್ದು ಸರಳ. ನ್ಯಾಟ್ ಮೂರ್ ಅನ್ನುವ ಚುರುಕು ರಿಸೀವರ್‌ನ ಒಳಗೆ, ಸ್ಲಾಟ್‌ನಲ್ಲಿ ನಿಲ್ಲಿಸಿದರು. 46ರ ಲೆಕ್ಕದಲ್ಲಿ ಅವನನ್ನು ಕಾಯಲು ಬರುವುದು ಲೈನ್‌ಬ್ಯಾಕರ್, ಅವನಷ್ಟು ಚುರುಕಿಲ್ಲದ ದೊಡ್ಡ ಆಳು. ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರಿನೋ ಅಂಥ ಕೈ ಇರುವಾಗ ಅದು ಹುಲಿ ಬಾಯಿಗೆ ಕೈ ಇಟ್ಟ ಹಾಗೆ. ಹಾಫ್‌ಟೈಮ್‌ಗೆ 31-10. ಹೆಡ್ ಕೋಚ್ ಮೈಕ್ ಡಿಟ್ಕಾ, ಲೈನ್‌ಬ್ಯಾಕರ್ ತೆಗೆದು ನಿಕಲ್ ಬ್ಯಾಕ್ (ಪಾಸ್ ಕಾಯುವ ಹೆಚ್ಚುವರಿ ಚುರುಕು ಡಿಫೆಂಡರ್) ಹಾಕು ಅಂದರು. ರಯಾನ್ ಒಪ್ಪಲಿಲ್ಲ. ಇಬ್ಬರೂ ಹೊಡೆದಾಡುವ ಮಟ್ಟಕ್ಕೆ ಹೋದರು. ಹಾಫ್‌ಟೈಮ್‌ನಲ್ಲಿ ಏನು ನಡೆಯುತ್ತದೆ ಅಂತ ಕೇಳಿದಿರಲ್ಲ, ಕೆಲವು ಸಲ ಇದೂ ನಡೆಯುತ್ತದೆ!

ಮಾಡಬೇಕು ಅಂದರೂ ಸಮಯ ಸಿಗದ್ದು ಬೇರೆ. 2023ರ ಫೆಬ್ರವರಿಯ ಸೂಪರ್ ಬೌಲ್, ಚೀಫ್ಸ್ 38, ಈಗಲ್ಸ್ 35. ನಾಲ್ಕನೇ ಕ್ವಾರ್ಟರ್‌ನಲ್ಲಿ ಚೀಫ್ಸ್‌ನ ಕಡೇರಿಯಸ್ ಟೋನಿ ಸ್ನ್ಯಾಪ್‌ಗೆ ಮೊದಲು ಒಳಗೆ ಓಡಿದ ಹಾಗೆ ಮಾಡಿ ತಟ್ಟನೆ ಹೊರಗೆ ತಿರುಗಿದ. ಈಗಲ್ಸ್‌ನವರು ಅವನು ಆಚೆ ಬದಿಗೆ ಹೋಗುತ್ತಾನೆ ಅಂತ ಅವನನ್ನು ಇನ್ನೊಬ್ಬನಿಗೆ ಒಪ್ಪಿಸಿ ಆಗಿತ್ತು. ಸುತ್ತ ಒಬ್ಬನೂ ಇಲ್ಲ, ಟಚ್‌ಡೌನ್. ಈಗಲ್ಸ್ ಮೂರು ಪ್ಲೇ ಆಡಿ ಪಂಟ್ ಮಾಡಿದರು, ಅದನ್ನು ಟೋನಿಯೇ ಹಿಡಿದು 65 ಗಜ ಓಡಿದ. ತಕ್ಷಣ ಮತ್ತೆ ಅದೇ ಉಪಾಯ, ಇನ್ನೊಂದು ಬದಿಯಲ್ಲಿ, ಸ್ಕೈ ಮೂರ್. ಮತ್ತೆ ಒಬ್ಬನೂ ಇಲ್ಲ. ಎರಡು ಟಚ್‌ಡೌನ್ ನಡುವೆ ಗಡಿಯಾರದಲ್ಲಿ ಮೂರು ನಿಮಿಷವೂ ಕಳೆದಿರಲಿಲ್ಲ. ಬೆಂಚಿನಲ್ಲಿ ಫೋಟೋ ನೋಡಿ, ಏನು ತಪ್ಪಾಯಿತು ಅಂತ ಮಾತಾಡಿ, ನಿಯಮ ಬದಲಾಯಿಸಿ, ಎಲ್ಲರಿಗೂ ಹೇಳುವಷ್ಟರಲ್ಲಿ ಚೆಂಡು ಐದು ಗಜದ ಗೆರೆಗೆ ಬಂದಾಗಿತ್ತು.

ಸುಮ್ನೆ_ಒಬ್ಬ

ಹಾಗಾದರೆ ಡಿಟ್ಕಾ ಮತ್ತು ರಯಾನ್‌ಗೆ ಯಾರೂ ಕಿತ್ತಳೆ ಕೊಟ್ಟಿರಲಿಲ್ಲ.

ಮೂರನೇ_ಡೌನ್

😂 ಸರಿ, ಎಲ್ಲರಿಗೂ ಧನ್ಯವಾದ. ಬೆಂಗಾಲ್ಸ್ ಪಂದ್ಯ ಈ ವಾರಾಂತ್ಯಕ್ಕೆ. ಒಂದೇ ಪ್ರಶ್ನೆ ಬಾಕಿ. ನೋಡುವಾಗ ಡಿಫೆನ್ಸ್ ಬದಲಾಯಿತು ಅಂತ ನನ್ನಂಥವನಿಗೆ ಗೊತ್ತಾಗುವುದು ಹೇಗೆ? ನನ್ನ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ.

ಬೂತ್‌ನಿಂದ

ಚೆಂಡು ಬಿಡಿ. ಸ್ನ್ಯಾಪ್‌ಗೆ ಮೊದಲು ಹಿಂದಿನ ಸೇಫ್ಟಿಗಳನ್ನು ನೋಡಿ, ಒಬ್ಬನಾ ಇಬ್ಬರಾ. ಇಬ್ಬರಿದ್ದರೆ ದೂರದ ಪಾಸ್‌ಗೆ ಹೆದರಿದ್ದಾರೆ, ಓಟ ಬಿಟ್ಟುಕೊಡಲು ತಯಾರಿದ್ದಾರೆ ಅಂತ ಸಾಮಾನ್ಯವಾಗಿ ಅಂದುಕೊಳ್ಳಬಹುದು. ಆಮೇಲೆ ಯಾರಾದರೂ ರಿಸೀವರ್ ಒಂದು ಬದಿಯಿಂದ ಇನ್ನೊಂದಕ್ಕೆ ಓಡಿದರೆ ಅವನ ಹಿಂದೆ ಒಬ್ಬ ಡಿಫೆಂಡರ್ ಪೂರ್ತಿ ಓಡುತ್ತಾನಾ ನೋಡಿ. ಓಡಿದರೆ ಬಹುಪಾಲು ಮ್ಯಾನ್, ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತರೆ ಜೋನ್. ಕ್ವಾರ್ಟರ್‌ಬ್ಯಾಕ್ ಅವನನ್ನು ಓಡಿಸುವುದೇ ಇದನ್ನು ತಿಳಿಯಲು. ಇನ್ನು ಬೆಂಗಾಲ್ಸ್ ಪಂದ್ಯದಲ್ಲಿ ಇದ್ಯಾವುದೂ ಬೇಡ, ಮುಂದೆ ನುಗ್ಗುವವರನ್ನು ಎಣಿಸಿ ಸಾಕು. ಮೊದಲ ಅರ್ಧದಲ್ಲಿ ಒಂದು ಚೀಟಿ, ಎರಡನೆಯದಕ್ಕೆ ಇನ್ನೊಂದು.

ಮೂರನೇ_ಡೌನ್

ಕುತೂಹಲ ತಡೆಯದೆ ಮೊದಲ ಕ್ವಾರ್ಟರ್ ಈಗಲೇ ಹಾಕಿ ನೋಡಿದೆ. ನುಗ್ಗುವವರನ್ನು ಎಣಿಸಿದೆ, ಸರಿ. ಸೇಫ್ಟಿ ಎಲ್ಲಿ ಸ್ವಾಮಿ? ಸ್ನ್ಯಾಪ್ ಆದ ಕೂಡಲೇ ಕ್ಯಾಮೆರಾ ಒಳಗೆ ಬರುತ್ತದೆ, ಅವರು ಪರದೆಯಲ್ಲೇ ಇರುವುದಿಲ್ಲ!

ನಿಕಲ್_ಬ್ಯಾಕ್

ಈ ಆಟದ ಅಭಿಮಾನಿಗಳ ಸಂಘಕ್ಕೆ ಸ್ವಾಗತ. ಎಲ್ಲರ ಗೋಳೂ ಅದೇ. 22 ಜನರೂ ಕಾಣುವ ಎತ್ತರದ ಕ್ಯಾಮೆರಾದ ಫಿಲ್ಮ್ ಬೇರೆ ಇರುತ್ತದೆ, ಕೋಚ್‌ಗಳು ನೋಡುವುದು ಅದನ್ನೇ. ಟಿವಿಯಲ್ಲಿ ನಿಮಗೆ ಸಿಗುವುದು ಸ್ನ್ಯಾಪ್‌ಗೆ ಮುಂಚಿನ ಎರಡು ಮೂರು ಸೆಕೆಂಡ್ ಮತ್ತು ಹಿಂಬದಿಯಿಂದ ತೋರಿಸುವ ರೀಪ್ಲೇ. ರೀಪ್ಲೇ ಬಂದಾಗ ಫೋನ್ ನೋಡಬೇಡಿ.